ಹೆದರಿಸಿ ಬರೆಸಿಕೊಂಡ ರಾಜೀನಾಮೆ: ಗೇ ಶಿಕ್ಷಕರೊಬ್ಬರ ಪ್ರಶ್ನೆಗೆ ವಕೀಲರ ಉತ್ತರ

ಪ್ರಶ್ನೆ: ನನಗೆ 31 ವರ್ಷ. ಊರು ಬೀದರ್ ಜಿಲ್ಲೆ, ಇರುವುದು ಕಲಬುರಗಿಯಲ್ಲಿ. ಇಲ್ಲಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ 6 ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೆ. ಸ್ಟೇಟ್ ಸಿಲಬಸ್, ಅನುದಾನ ಇಲ್ಲದ ಶಾಲೆ. ಸಂಬಳ 22,000. ನಾನು ಗೇ. ಈ ವಿಷಯ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಮತ್ತು ನನ್ನ ಗೆಳೆಯ ಇರುವ ಫೋಟೊ ಒಬ್ಬ ಸಹೋದ್ಯೋಗಿಗೆ ಸಿಕ್ಕಿ, ಅದು ಸೆಕ್ರೆಟರಿವರೆಗೆ ಹೋಯಿತು. ಮೂವರು ಆಫೀಸಿಗೆ ಕರೆಸಿ ಬಾಗಿಲು ಹಾಕಿಕೊಂಡರು. ಇಂಗ್ಲಿಷಿನಲ್ಲಿ ಟೈಪ್ ಮಾಡಿಟ್ಟಿದ್ದ ರಾಜೀನಾಮೆ ಮುಂದಿಟ್ಟರು. "ಮರ್ಯಾದಿ ಉಳಿಬೇಕಂದ್ರ ಸಹಿ ಮಾಡ್ರಿ ಮಾಸ್ತರ್ರ, ಇಲ್ಲಂದ್ರ ನಿಮ್ಮಪ್ಪಗ ಫೋನ್ ಹಚ್ಚತೀವಿ" ಅಂದರು. ಸಹಿ ಹಾಕಿದೆ. ಅದೇ ದಿನ ರಿಲೀವ್ ಮಾಡಿದರು. ಆಗಿ 5 ವಾರ ಆಯಿತು. ನನ್ನ ಮೂಲ ಅಂಕಪಟ್ಟಿಗಳು ಅವರ ಹತ್ತಿರವೇ ಇವೆ. "ಡಾಕ್ಟರ್‌ಗೆ ತೋರಿಸಿ, ಸರಿಯಾಗಿದೀನಿ ಅಂತ ಸರ್ಟಿಫಿಕೇಟ್ ತಂದರೆ ಮುಂದಿನ ವರ್ಷ ನೋಡೋಣ" ಎಂದೂ ಹೇಳಿದ್ದಾರೆ. ಗೇ ಆಗಿರುವುದನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಮತ್ತೆ ತಪ್ಪು ಅಂದಿದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ನಾನು ಕೋರ್ಟಿಗೆ ಹೋಗಬಹುದಾ? ಹೆಸರು ಪೇಪರಿನಲ್ಲಿ ಬರುತ್ತದಾ? ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿಯಲ್ಲಿ ಸರ್ಕಾರಿ ಶಿಕ್ಷಕರ ಹುದ್ದೆಗೆ ಪ್ರಯತ್ನ ಮಾಡುತ್ತಿದ್ದೇನೆ, ಅದಕ್ಕೆ ಪೆಟ್ಟು ಬೀಳುತ್ತದಾ?

ಉತ್ತರ: ಹೋಗಬಹುದು. ಆದರೆ ಮೊದಲು ಕ್ಯಾಲೆಂಡರ್ ನೋಡಿ. ಖಾಸಗಿ ಶಾಲೆಯ ಶಿಕ್ಷಕರನ್ನು ಕೆಲಸದಿಂದ ತೆಗೆದರೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಂ ಪ್ರಕಾರ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಅಪೀಲು ಹಾಕಬಹುದು. ಆದೇಶ ಕೈಗೆ ಬಂದ ದಿನದಿಂದ 3 ತಿಂಗಳ ಒಳಗೆ ಹಾಕಬೇಕು. ನಿಮ್ಮ ಲೆಕ್ಕದಲ್ಲಿ ರಿಲೀವಿಂಗ್ ಪತ್ರದ ತಾರೀಖೇ ಆ ದಿನ ಅಂದುಕೊಳ್ಳಿ. ಅದರಲ್ಲಿ 5 ವಾರ ಆಗಲೇ ಹೋಗಿದೆ. ತಡವಾದದ್ದನ್ನು ಮನ್ನಿಸಿ ಎಂದು ಆಮೇಲೆ ಅರ್ಜಿ ಕೊಡುವುದುಂಟು, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ನ್ಯಾಯಮಂಡಳಿ ಎಂದರೆ ಬೆಂಗಳೂರಿಗೆ ಓಡಬೇಕಾದ ಜಾಗವಲ್ಲ. ಜಿಲ್ಲಾ ನ್ಯಾಯಾಧೀಶರ ದರ್ಜೆಯವರೇ ಅಲ್ಲಿ ಕೂರುತ್ತಾರೆ.

ಅಪೀಲಿಗೂ ಮೊದಲು ಇನ್ನೊಂದು ಕೆಲಸವಿದೆ. ಅದು ಈ ವಾರವೇ ಆಗಬೇಕು. ಆಡಳಿತ ಮಂಡಳಿಗೆ ಒಂದು ಪತ್ರ ಬರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೋಣೆಯಲ್ಲಿ, ಯಾರ್‍ಯಾರು ಇದ್ದರು, ಪತ್ರ ಯಾರು ಟೈಪ್ ಮಾಡಿದ್ದರು, ಏನು ಬೆದರಿಕೆ ಹಾಕಿದರು, ಎಲ್ಲ ಬರೆಯಿರಿ. "ಇದು ನನ್ನ ಇಚ್ಛೆಯಿಂದ ಕೊಟ್ಟ ರಾಜೀನಾಮೆ ಅಲ್ಲ. ಹೆದರಿಸಿ ತೆಗೆದುಕೊಂಡದ್ದು. ನಾನು ಇದನ್ನು ಒಪ್ಪುವುದಿಲ್ಲ, ಕೆಲಸಕ್ಕೆ ಬರಲು ಸಿದ್ಧನಿದ್ದೇನೆ" ಎಂದು ಸ್ಪಷ್ಟವಾಗಿ ಹೇಳಿ. ಆ ದಿನದ ಆಫೀಸಿನ ಮತ್ತು ಕಾರಿಡಾರಿನ ಸಿಸಿಟಿವಿ ದೃಶ್ಯ ಅಳಿಸಬಾರದು ಎಂದೂ ಸೇರಿಸಿ. ದೃಶ್ಯ ಈಗಾಗಲೇ ಅಳಿದು ಹೋಗಿರಬಹುದು. ಆದರೂ ಕೇಳಿದ್ದು ದಾಖಲೆಯಲ್ಲಿರಲಿ. ನಿಮ್ಮ ಮೂಲ ಅಂಕಪಟ್ಟಿಗಳನ್ನು ವಾಪಸ್ ಕೇಳಿ. ಅವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಯಾವ ಮ್ಯಾನೇಜ್‌ಮೆಂಟಿಗೂ ಇಲ್ಲ.

ಈ ಪತ್ರದಲ್ಲಿ ನೀವು ಗೇ ಎಂದು ಬರೆಯುವ ಅಗತ್ಯ ಇಲ್ಲ. "ನನ್ನ ಖಾಸಗಿ ಜೀವನದ ವಿಷಯ ಮುಂದಿಟ್ಟು ಹೆದರಿಸಿದರು" ಎಂದರೆ ಸಾಕು. ಸೆಕ್ರೆಟರಿ ಮತ್ತು ಅಧ್ಯಕ್ಷರು ಇಬ್ಬರಿಗೂ ಸ್ಪೀಡ್ ಪೋಸ್ಟ್ ಮಾಡಿ, ಪ್ರತಿಯನ್ನು ಶಿಕ್ಷಣ ಇಲಾಖೆಯ ಬಿಇಒ (ತಾಲ್ಲೂಕು ಮಟ್ಟ) ಮತ್ತು ಡಿಡಿಪಿಐ (ಜಿಲ್ಲಾ ಮಟ್ಟ) ಕಚೇರಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಇಮೇಲ್ ಕೂಡ ಕಳಿಸಿ. ವಾಟ್ಸಾಪಿನಲ್ಲಿ ಮಾತ್ರ ಕಳಿಸಿ ಸುಮ್ಮನಾಗಬೇಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಒತ್ತಾಯದಿಂದ ಸಹಿ ಹಾಕಿಸಿಕೊಂಡರು ಎಂದು ಹೇಳುವವರೇ ಅದನ್ನು ಸಾಬೀತು ಮಾಡಬೇಕು. ಕೋರ್ಟಿನಲ್ಲಿ ಬರುವ ಮೊದಲ ಪ್ರಶ್ನೆಯೇ "ಅಷ್ಟು ದಿನ ಯಾಕೆ ಸುಮ್ಮನಿದ್ರಿ?" ಎನ್ನುವುದು. ರಾಜೀನಾಮೆ ಅಂಗೀಕಾರ ಆಗುವ ಮೊದಲು ಹಿಂಪಡೆಯುವುದು ಸುಲಭ. ನಿಮ್ಮ ವಿಷಯದಲ್ಲಿ ಅದೇ ದಿನ ಅಂಗೀಕಾರ ಮಾಡಿದ್ದಾರೆ, ಹಾಗಾಗಿ ಆ ದಾರಿ ಮುಚ್ಚಿದೆ. ಉಳಿದಿರುವುದು ಒತ್ತಾಯದ ವಾದ. 1872ರ ಕರಾರು ಕಾಯ್ದೆಯ ಕಾಲದಿಂದ ಇರುವ ತತ್ವ ಇದು. ಹೆದರಿಸಿ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಕೊಟ್ಟವರು ರದ್ದು ಮಾಡಿಸಬಹುದು.

ಈಗ ನಿಮ್ಮ ಗೆಳೆಯರ ಮಾತಿಗೆ ಬರುತ್ತೇನೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ವಯಸ್ಕರು ಒಪ್ಪಿ ಇಟ್ಟುಕೊಂಡ ಸಲಿಂಗ ಸಂಬಂಧ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಅಡಿ ಅಪರಾಧವಲ್ಲ ಎಂದಿತು. ಅದರ ಬದಲಿಗೆ 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲವೇ ಇಲ್ಲ. 2023ರ ಅಕ್ಟೋಬರ್ 17ರ ತೀರ್ಪು ಮದುವೆಯ ಬಗ್ಗೆ. ಸಲಿಂಗಿಗಳ ಮದುವೆಗೆ ಕಾನೂನಿನ ಮಾನ್ಯತೆ ಕೊಡುವುದು ಸಂಸತ್ತಿನ ಕೆಲಸ, ನಮ್ಮದಲ್ಲ ಎಂದು ಕೋರ್ಟ್ ಹೇಳಿತು. ಗೇ ಆಗಿರುವುದು ತಪ್ಪು ಎಂದು ಎಲ್ಲಿಯೂ ಹೇಳಲಿಲ್ಲ. ಮ್ಯಾನೇಜ್‌ಮೆಂಟಿನವರೂ ಈ ಎರಡನ್ನು ಕಲಸಿ ಮಾತಾಡುತ್ತಾರೆ, ಹೆದರಬೇಡಿ.

ಹಾಗಾದರೆ "ಲೈಂಗಿಕ ಒಲವಿನ ಕಾರಣಕ್ಕೆ ಕೆಲಸದಿಂದ ತೆಗೆಯಬಾರದು" ಎಂದು ನೇರವಾಗಿ ಹೇಳುವ ಕಾಯ್ದೆ ಇದೆಯಾ? ಖಾಸಗಿ ಉದ್ಯೋಗದ ಮಟ್ಟಿಗೆ ಇಲ್ಲ. ಸಂವಿಧಾನದ 14, 15, 16ನೇ ವಿಧಿಗಳ ಸಮಾನತೆಯ ಭರವಸೆ ಮುಖ್ಯವಾಗಿ ಸರ್ಕಾರದ ವಿರುದ್ಧ. ಸರ್ಕಾರಿ ನೌಕರರಿಗೆ ಅದು ಗಟ್ಟಿ ಆಧಾರ. ಉತ್ತರ ಪ್ರದೇಶದ ಬುಲಂದ್‌ಶಹರ್‌ನಲ್ಲಿ ಒಬ್ಬ ಹೋಮ್‌ಗಾರ್ಡ್ ಇದ್ದರು. ಅವರು ತಮ್ಮ ಸಂಗಾತಿಯ ಜೊತೆ ಇದ್ದ ವಿಡಿಯೊ ಹರಿದಾಡಿತು ಎಂದು 2019ರಲ್ಲಿ ಕೆಲಸದಿಂದ ತೆಗೆದರು. 2021ರ ಫೆಬ್ರವರಿಯಲ್ಲಿ ಅಲಹಾಬಾದ್ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿ ವಾಪಸ್ ತೆಗೆದುಕೊಳ್ಳಿ ಎಂದಿತು. ಆಧಾರ 2018ರ ತೀರ್ಪೇ. ಅವರು ಸರ್ಕಾರಿ ವ್ಯವಸ್ಥೆಯ ಒಳಗಿದ್ದರು ಎಂಬುದು ಅಲ್ಲಿ ದೊಡ್ಡ ಅನುಕೂಲ. ನೀವು ಖಾಸಗಿ ಶಾಲೆಯಲ್ಲಿದ್ದೀರಿ.

ಅಮೆರಿಕದ ಒಂದು ತೀರ್ಪನ್ನೂ ಜನ ಫಾರ್ವರ್ಡ್ ಮಾಡುತ್ತಿರುತ್ತಾರೆ, ನಿಮಗೂ ಬಂದಿರಬಹುದು. 2020ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಗೇ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದೂ ಲಿಂಗ ತಾರತಮ್ಯವೇ ಎಂದು 6–3 ಬಹುಮತದಲ್ಲಿ ಹೇಳಿತು. ಅಲ್ಲಿ ಖಾಸಗಿ ಕಂಪನಿಗಳಿಗೂ ತಗಲುವ 1964ರ ಒಂದು ಕಾಯ್ದೆ ಇದೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲದಿರುವುದರಿಂದ ಆ ತೀರ್ಪು ವಾದಕ್ಕೆ ಒಂದು ಸಾಲು ಸಹಾಯ ಮಾಡೀತು, ಅಷ್ಟೇ. ನಮ್ಮಲ್ಲಿ ಎಷ್ಟು ಎತ್ತರದಲ್ಲೂ ಇದು ಸಲೀಸಲ್ಲ ಎನ್ನುವುದಕ್ಕೆ ತಾವು ಗೇ ಎಂದು ಬಹಿರಂಗವಾಗಿ ಹೇಳಿಕೊಂಡಿರುವ ಹಿರಿಯ ವಕೀಲ ಸೌರಭ್ ಕೃಪಾಲ್ ಅವರನ್ನೇ ನೋಡಿ. 2021ರ ನವೆಂಬರ್‌ನಲ್ಲಿ ಅವರನ್ನು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಮಾಡಲು ಕೊಲಿಜಿಯಂ, ಅಂದರೆ ಸುಪ್ರೀಂ ಕೋರ್ಟಿನ ಹಿರಿಯ ನ್ಯಾಯಮೂರ್ತಿಗಳ ಆಯ್ಕೆ ಸಮಿತಿ, ಶಿಫಾರಸು ಮಾಡಿತು. ಕೇಂದ್ರ ಒಪ್ಪಲಿಲ್ಲ. 2023ರ ಜನವರಿಯಲ್ಲಿ ಕೊಲಿಜಿಯಂ, ಲೈಂಗಿಕ ಒಲವಿನ ಕಾರಣಕ್ಕೆ ಬೇಡ ಅನ್ನುವುದು ಸಂವಿಧಾನಕ್ಕೆ ವಿರುದ್ಧ ಎಂದು ಬಹಿರಂಗವಾಗಿ ಬರೆದು ಹೆಸರನ್ನು ಮತ್ತೆ ಕಳಿಸಿತು. ಹೈಕೋರ್ಟಿನ ನ್ಯಾಯಮೂರ್ತಿ ಕುರ್ಚಿಗೇ ಈ ಗತಿ ಅಂದರೆ, ನಮ್ಮ ಊರಿನ ಶಾಲೆಯ ಸೆಕ್ರೆಟರಿ ಏಕಾಏಕಿ ಬದಲಾಗುತ್ತಾರೆ ಎಂದುಕೊಳ್ಳುವುದು ಕಷ್ಟ.

ಇಷ್ಟೆಲ್ಲ ಹೇಳಿದ್ದು ನಿಮ್ಮ ಧೈರ್ಯ ಕುಗ್ಗಿಸಲು ಅಲ್ಲ, ಯಾವ ಆಧಾರದ ಮೇಲೆ ನಿಂತು ಹೋರಾಡಬೇಕು ಎಂದು ತೋರಿಸಲು. ನಿಮ್ಮ ಗಟ್ಟಿ ಆಧಾರ ಶಿಕ್ಷಣ ಕಾಯ್ದೆಯ 92ನೇ ಕಲಂ. ವಿಚಾರಣೆ ನಡೆಸದೆ ಖಾಸಗಿ ಶಾಲೆಯ ಯಾವ ನೌಕರರನ್ನೂ ವಜಾ ಮಾಡುವಂತಿಲ್ಲ, ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಆರೋಪ ಏನು ಎಂದು ಬರೆದು ಕೊಡಬೇಕು, ಉತ್ತರಿಸಲು ಅವಕಾಶ ಕೊಡಬೇಕು, ಸಾಕ್ಷಿ ಕೇಳಬೇಕು. ನಿಮಗೆ ಒಂದು ನೋಟಿಸೂ ಬಂದಿಲ್ಲ. ಯಾಕೆ ಬಂದಿಲ್ಲ? ನೋಟಿಸ್ ಕೊಟ್ಟರೆ ಅದರಲ್ಲಿ ಆರೋಪ ಬರೆಯಬೇಕು. "ಈ ಶಿಕ್ಷಕ ಗೇ" ಎನ್ನುವುದು ಯಾವ ನಿಯಮದಲ್ಲೂ ದುರ್ನಡತೆ ಅಲ್ಲ. ಅದಕ್ಕೇ ರಾಜೀನಾಮೆ ಬರೆಸಿಕೊಂಡರು. ನಿಮ್ಮ ವಾದದ ಬೆನ್ನೆಲುಬು ಇದೇ: ಇದು ರಾಜೀನಾಮೆಯ ವೇಷ ಹಾಕಿದ ವಜಾ.

ಕೆಲವು ಕಾರ್ಯಕರ್ತ ಗೆಳೆಯರಿಗೆ ನನ್ನ ಈ ಸಲಹೆ ಹಿಡಿಸುವುದಿಲ್ಲ. "ಹಕ್ಕಿನ ಪ್ರಶ್ನೆಯನ್ನೇ ಮುಂದಿಡಿ, ದೊಡ್ಡ ತೀರ್ಪು ತನ್ನಿ" ಎನ್ನುತ್ತಾರೆ. ಅವರ ಮಾತಲ್ಲೂ ನ್ಯಾಯವಿದೆ. ಆದರೆ ನಿಮ್ಮ ಬಾಡಿಗೆ ಕಟ್ಟುವುದು ದೊಡ್ಡ ತೀರ್ಪಲ್ಲ. ವಿಚಾರಣೆ ನಡೆಸಿಲ್ಲ ಎಂಬ ವಾದ ಬೇಸರ ತರಿಸುವಷ್ಟು ಸಾಮಾನ್ಯವಾದದ್ದು. ಜಿಲ್ಲಾ ನ್ಯಾಯಾಧೀಶರು ಇಂಥ ಕೇಸುಗಳನ್ನು ನೋಡಿಯೇ ಇರುತ್ತಾರೆ. ಅಲ್ಲಿ ಗೆಲ್ಲಲು ನಿಮ್ಮ ಖಾಸಗಿ ಜೀವನವನ್ನು ಯಾರೂ ಮೆಚ್ಚಬೇಕಾಗಿಲ್ಲ.

ಹಾಗಂತ ತಾರತಮ್ಯದ ಮಾತನ್ನು ಪೂರ್ತಿ ಬಿಡಬೇಡಿ. ಅಪೀಲಿನಲ್ಲಿ ಎರಡನೇ ಕಾರಣವಾಗಿ ಒಂದೆರಡು ಪ್ಯಾರಾ ಇರಲಿ. 2017ರ ಆಗಸ್ಟ್ 24ರ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು. ಅದರಲ್ಲಿ ಲೈಂಗಿಕ ಒಲವೂ ಸೇರಿದೆ ಎಂದು ಬಿಡಿಸಿ ಹೇಳಿದೆ. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಇಂದು ಮಲ್ಹೋತ್ರಾ, 15ನೇ ವಿಧಿ ನಿಷೇಧಿಸಿರುವ ಲಿಂಗ ತಾರತಮ್ಯದಲ್ಲಿ ಲೈಂಗಿಕ ಒಲವಿನ ತಾರತಮ್ಯವೂ ಬರುತ್ತದೆ ಎಂದಿದ್ದಾರೆ. ಕೆಳಗೆ ಎತ್ತದ ಮಾತನ್ನು ಮೇಲಿನ ಕೋರ್ಟಿನಲ್ಲಿ ಹೊಸದಾಗಿ ಎತ್ತುವುದು ಕಷ್ಟ. ಅದಕ್ಕೆ ಈಗಲೇ ಬರೆಸಿಡಿ.

ಲೇಬರ್ ಕೋರ್ಟಿಗೆ ಹೋಗಿ ಎಂದು ಯಾರಾದರೂ ಹೇಳಿದರೆ ಹೋಗಬೇಡಿ. ಶಿಕ್ಷಕರು ಕಾರ್ಮಿಕ ಕಾನೂನಿನ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ನೇರವಾಗಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ರಿಟ್ (ಸಂವಿಧಾನದ ಅಡಿ ಹೈಕೋರ್ಟಿಗೇ ಹಾಕುವ ಅರ್ಜಿ) ಹಾಕೋಣ ಎಂಬ ಆಸೆಯೂ ಸಹಜ. ಪೀಠ ಊರಲ್ಲೇ ಇದೆ, 2013ರಿಂದ ಕಾಯಂ ಆಗಿದೆ. ಆದರೆ ಅನುದಾನರಹಿತ ಖಾಸಗಿ ಶಾಲೆಯ ನೌಕರಿ ಜಗಳಕ್ಕೆ ಸಾಮಾನ್ಯವಾಗಿ ರಿಟ್ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನ್ಯಾಯಮಂಡಳಿ ಇರುವಾಗ "ಮೊದಲು ಅಲ್ಲಿಗೆ ಹೋಗಿ" ಎಂದು ವಾಪಸ್ ಕಳಿಸುತ್ತಾರೆ. ಅಷ್ಟರಲ್ಲಿ ನಿಮ್ಮ 3 ತಿಂಗಳು ಮುಗಿದಿರುತ್ತದೆ. ನ್ಯಾಯಮಂಡಳಿಯ ತೀರ್ಪಿನ ಮೇಲೆ ಆಮೇಲೆ ಹೈಕೋರ್ಟಿಗೆ ಹೋಗಬಹುದು. (ಇದನ್ನು ಓದುವ ಸಿಬಿಎಸ್‌ಇ ಶಾಲೆಯ ಶಿಕ್ಷಕರು ಗಮನಿಸಿ: ನಿಮ್ಮ ವಕೀಲರ ಹತ್ತಿರ 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕಾಯ್ದೆಯ ಬಗ್ಗೆ ಕೇಳಿ.)

ಸಾಕ್ಷಿಯ ಮಾತಿಗೆ ಬರೋಣ. ನೀವು ಬರೆದದ್ದರಲ್ಲೇ ಒಳ್ಳೆಯ ಸಾಕ್ಷಿಗಳಿವೆ, ನಿಮಗೆ ಅದು ಹೊಳೆದಿಲ್ಲ. ರಾಜೀನಾಮೆ ಇಂಗ್ಲಿಷಿನಲ್ಲಿ ಟೈಪ್ ಆಗಿದೆ ಅಂದಿರಿ. 6 ವರ್ಷದಲ್ಲಿ ನೀವು ಶಾಲೆಗೆ ಕೊಟ್ಟ ರಜೆ ಚೀಟಿ, ಮನವಿಗಳು ಯಾವ ಭಾಷೆಯಲ್ಲಿವೆ? ಎಲ್ಲವೂ ಕನ್ನಡದಲ್ಲಿ, ಕೈಬರಹದಲ್ಲಿ ಇದ್ದರೆ ಅದೇ ಒಂದು ಪ್ರಶ್ನೆ ಹುಟ್ಟಿಸುತ್ತದೆ. ರಾಜೀನಾಮೆ ಕೊಟ್ಟ ದಿನವೇ ಅಂಗೀಕಾರ, ಅದೇ ದಿನ ರಿಲೀವ್. ವಿಜ್ಞಾನದ ಮಾಸ್ತರರನ್ನು ವರ್ಷದ ನಡುವೆ, ನೋಟಿಸ್ ಅವಧಿಯೂ ಇಲ್ಲದೆ, ಬದಲಿ ಶಿಕ್ಷಕರೂ ಇಲ್ಲದೆ ಒಂದೇ ದಿನದಲ್ಲಿ ಬಿಟ್ಟುಕೊಡುವ ಶಾಲೆ ಯಾವುದಿದೆ? ಆಡಳಿತ ಮಂಡಳಿ ಸಭೆ ಯಾವಾಗ ಸೇರಿತು, ನಡಾವಳಿ ಪುಸ್ತಕದಲ್ಲಿ ಏನಿದೆ ಎಂದು ನಿಮ್ಮ ವಕೀಲರು ಕೇಳಲಿ. ಆತುರದಲ್ಲಿ ಮಾಡಿದ ಕೆಲಸದಲ್ಲಿ ಪುಸ್ತಕ ಬರೆಯುವುದನ್ನು ಮರೆತಿರುತ್ತಾರೆ. ಇಲ್ಲವೇ ಆಮೇಲೆ ಬರೆದಿರುತ್ತಾರೆ. ಎರಡೂ ನಿಮಗೆ ಒಳ್ಳೆಯದೇ.

ಆ ದಿನ ಸಂಜೆ ನೀವು ಯಾರಿಗೆ ಹೇಳಿಕೊಂಡಿರಿ? ಗೆಳೆಯನಿಗೆ, ಅಕ್ಕನಿಗೆ, ಸ್ಟಾಫ್ ರೂಮಿನ ಒಬ್ಬರಿಗಾದರೂ ಮೆಸೇಜು ಮಾಡಿರುತ್ತೀರಿ. ಅದನ್ನು ಅಳಿಸಬೇಡಿ. ಫೋನ್ ಬದಲಿಸಬೇಡಿ, ರಿಪೇರಿಗೂ ಕೊಡಬೇಡಿ. ಸ್ಕ್ರೀನ್‌ಶಾಟ್ ಮಾತ್ರ ಇದ್ದರೆ ಸಾಲದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅಡಿ ಪ್ರಮಾಣಪತ್ರ ಲಗತ್ತಿಸಬೇಕು. ಅದನ್ನು ವಕೀಲರು ತಯಾರು ಮಾಡುತ್ತಾರೆ, ಮೂಲ ಫೋನ್ ಮಾತ್ರ ನಿಮ್ಮ ಬಳಿ ಇರಬೇಕು. ಇನ್ನು ಮುಂದೆ ಸೆಕ್ರೆಟರಿ ಫೋನ್ ಮಾಡಿದರೆ, ನೀವೇ ಮಾತಾಡುತ್ತಿರುವ ಕರೆಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಬೇರೆಯವರ ಫೋನಿಗೆ ಕೈ ಹಾಕುವುದು, ಶಾಲೆಯ ಕಂಪ್ಯೂಟರ್ ತೆಗೆಯುವುದು ಬೇಡವೇ ಬೇಡ. ನೀವು ಕಲಿಸಿದ ಮಕ್ಕಳ ಎಸ್‌ಎಸ್‌ಎಲ್‌ಸಿ ವಿಜ್ಞಾನ ಫಲಿತಾಂಶ, ಸಂಬಳದ ಸ್ಲಿಪ್, ನೇಮಕಾತಿ ಆದೇಶ, ಯಾವುದಾದರೂ ಮೆಚ್ಚುಗೆ ಪತ್ರ ಇದ್ದರೆ ಎಲ್ಲ ಒಂದು ಫೈಲಿಗೆ ಹಾಕಿ.

ಅವರ ಕಡೆಯ ವಾದ ಏನಿರುತ್ತದೆ? ಮೊದಲು "ಅವರೇ ಬಿಟ್ಟು ಹೋದರು" ಎನ್ನುತ್ತಾರೆ. ಅದು ನಿಲ್ಲದಿದ್ದರೆ "ಪಾಲಕರು ದೂರು ಕೊಟ್ಟರು, ಮಕ್ಕಳ ಮೇಲೆ ಕೆಟ್ಟ ಪರಿಣಾಮ" ಎನ್ನುತ್ತಾರೆ. ಈ ಎರಡನೇ ಮಾತು ಬಂದರೆ ನೊಂದುಕೊಳ್ಳುತ್ತೀರಿ, ಆದರೆ ಕಾನೂನಿನಲ್ಲಿ ಅದು ಅವರಿಗೇ ತಿರುಗುಬಾಣ. ಪಾಲಕರ ದೂರಿಗಾಗಿ ತೆಗೆದೆವು ಎಂದರೆ, ತೆಗೆದದ್ದನ್ನು ಒಪ್ಪಿಕೊಂಡ ಹಾಗೆ. ಆಗ ವಿಚಾರಣೆ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಗೇ ಆಗಿರುವುದಕ್ಕೂ ಮಕ್ಕಳಿಗೆ ಅಪಾಯ ಎನ್ನುವುದಕ್ಕೂ ಸಂಬಂಧವೇ ಇಲ್ಲ. ಆದರೂ ಸಿಟ್ಟಿನಲ್ಲಿ ಯಾರಾದರೂ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ) ಕೇಸು ಹಾಕಿಸುತ್ತೇವೆ ಎಂದು ಹೆದರಿಸಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದೇ ದಿನ ಕ್ರಿಮಿನಲ್ ವಕೀಲರನ್ನು ಕಂಡು ನಿರೀಕ್ಷಣಾ ಜಾಮೀನಿನ (ಬಂಧನಕ್ಕೂ ಮೊದಲೇ ಪಡೆಯುವ ಜಾಮೀನು) ಬಗ್ಗೆ ಕೇಳಿ. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 482ನೇ ಕಲಂ.

ನೀವೇ ಪೊಲೀಸರ ಹತ್ತಿರ ಹೋಗಬೇಕಾ? ಮರ್ಯಾದೆ ತೆಗೆಯುತ್ತೇವೆ ಎಂದು ಹೆದರಿಸಿ ಸಹಿ ಹಾಕಿಸಿಕೊಂಡದ್ದು ನ್ಯಾಯ ಸಂಹಿತೆಯ 351ನೇ ಕಲಂ ಅಡಿ ಬೆದರಿಕೆಯ ಅಪರಾಧಕ್ಕೆ ಬರುತ್ತದೆ. ಫೋಟೊ ಇಟ್ಟುಕೊಂಡು ದುಡ್ಡು ಕೇಳಿದರೆ 308ನೇ ಕಲಂ, ಅಂದರೆ ಸುಲಿಗೆ. ಆದರೆ ಸಾದಾ ಬೆದರಿಕೆಗೆ ಸ್ಟೇಷನ್ನಿನಲ್ಲಿ ಹೆಚ್ಚಾಗಿ ಎಫ್‌ಐಆರ್ ಮಾಡುವುದಿಲ್ಲ, ಬರೀ ಹಿಂಬರಹ ಕೊಟ್ಟು ಕಳಿಸುತ್ತಾರೆ. ನಿಮ್ಮ ಕಥೆಯನ್ನು ಅಲ್ಲಿ ನಾಲ್ಕು ಜನರ ಮುಂದೆ ಹೇಳಬೇಕಾಗುತ್ತದೆ. ನನ್ನ ಕೇಳಿದರೆ ಪೊಲೀಸರಿಂದ ಶುರು ಮಾಡಬೇಡಿ. ಹೊಸ ಬೆದರಿಕೆ ಬಂದರೆ, ಫೋಟೊ ಹರಿಯಬಿಟ್ಟರೆ ಮಾತ್ರ ಹೋಗಿ, ವಕೀಲರ ಜೊತೆಗೇ ಹೋಗಿ.

ಡಾಕ್ಟರ್ ಸರ್ಟಿಫಿಕೇಟಿನ ಮಾತು ಓದಿ ನನಗೆ ಸಿಟ್ಟು ಬಂತು. ಇದು ಕಾಯಿಲೆ ಅಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ, ಸಮಾಜದ ನೈತಿಕ ನಂಬಿಕೆಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎನ್ನುವಂತಿಲ್ಲ. ಲೈಂಗಿಕ ಒಲವನ್ನು ಹೆಸರಿಟ್ಟು ಹೇಳಿ ತಾರತಮ್ಯ ಬೇಡ ಎಂದಿರುವ ಅಪರೂಪದ ಕಾಯ್ದೆ ಅದು. ಒಲವನ್ನು "ಸರಿಪಡಿಸುವ" ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿದೆ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ 2021ರ ಆದೇಶದ ಫಲ ಅದು. ಅಂಥ ಸರ್ಟಿಫಿಕೇಟಿಗಾಗಿ ಯಾವ ಡಾಕ್ಟರ ಹತ್ತಿರವೂ ಹೋಗಬೇಡಿ. ಹೋದರೆ ಅದೇ ಕಾಗದ ನಾಳೆ ನಿಮ್ಮ ವಿರುದ್ಧ ಬರುತ್ತದೆ. ಅವರು ಈ ಬೇಡಿಕೆಯನ್ನು ಮೆಸೇಜಿನಲ್ಲಿ ಬರೆದಿದ್ದರೆ ಜೋಪಾನವಾಗಿಡಿ. ರಾಜೀನಾಮೆಯ ನಿಜವಾದ ಕಾರಣ ಏನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಹೆಸರಿನ ಪ್ರಶ್ನೆ. ಸುಳ್ಳು ಭರವಸೆ ಕೊಡುವುದಿಲ್ಲ. ಕೇಸು ದಾಖಲಾದರೆ ನಿಮ್ಮ ಹೆಸರು ಕೋರ್ಟಿನ ಕೇಸುಗಳನ್ನು ತೋರಿಸುವ ಇ-ಕೋರ್ಟ್ಸ್ ಆ್ಯಪಿನಲ್ಲಿ ಕಾಣುತ್ತದೆ. ಅಲ್ಲಿ ಇರುವುದು "ಇಂಥವರು ವಿರುದ್ಧ ಇಂಥ ಶಿಕ್ಷಣ ಸಂಸ್ಥೆ" ಎಂಬ ಒಂದು ಸಾಲು. ಅದನ್ನು ನೋಡಿದವರಿಗೆ ನೌಕರಿ ಜಗಳ ಎಂದಷ್ಟೇ ತಿಳಿಯುತ್ತದೆ. ಮೊದಲ ವಾದ 92ನೇ ಕಲಂ ಆಗಿರಲಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಇದರ ಮೇಲೆ, ಹೆಸರನ್ನು ಮರೆಮಾಡಿ, ಖಾಸಗಿ ವಿವರವಿರುವ ದಾಖಲೆಯನ್ನು ಮುಚ್ಚಿದ ಲಕೋಟೆಯಲ್ಲಿ ತೆಗೆದುಕೊಳ್ಳಿ, ಸಾಕ್ಷಿ ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ನಡೆಸಿ ಎಂದು ಅಪೀಲಿನ ಜೊತೆಗೇ ಅರ್ಜಿ ಕೊಡಬಹುದು. 2017ರಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಮಹಿಳೆಯ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಸಿಗದಂತೆ ಮಾಡಲು ತನ್ನ ರಿಜಿಸ್ಟ್ರಿಗೆ ಹೇಳಿತ್ತು. ಅದನ್ನು ಉದಾಹರಿಸಲಿ. ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಕೇಸು ಹಾಕಿದ ಮೇಲೆ ಪತ್ರಕರ್ತರ ಹತ್ತಿರ ಮಾತ್ರ ನೀವಾಗಿ ಹೋಗಬೇಡಿ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 5 ವರ್ಷ ದಾಟಿದೆ, ಆದ್ದರಿಂದ ಕೇಸು ಗೆದ್ದರೂ ಸೋತರೂ ಗ್ರಾಚ್ಯುಟಿ ನಿಮ್ಮದು. ಖಾಸಗಿ ಶಾಲಾ ಶಿಕ್ಷಕರಿಗೂ ಅದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನದ ಲೆಕ್ಕ. ನಿಮ್ಮ 22,000 ಪೂರ್ತಿ ಮೂಲ ವೇತನ ಮತ್ತು ಡಿಎ ಆಗಿದ್ದರೆ 6 ವರ್ಷಕ್ಕೆ ಸುಮಾರು 76,000 ರೂಪಾಯಿ ಬರುತ್ತದೆ. ಪಿಎಫ್ ಬೇರೆ. ಇವನ್ನು ತೆಗೆದುಕೊಳ್ಳುವಾಗ "ನನ್ನ ಹಕ್ಕುಗಳನ್ನು ಬಿಟ್ಟುಕೊಡದೆ ಪಡೆದಿದ್ದೇನೆ" ಎಂದು ಬರೆದು ಸಹಿ ಹಾಕಿ. "ಲೆಕ್ಕ ಚುಕ್ತಾ" ಎಂದಿರುವ ಕಾಗದಕ್ಕೆ ಸಹಿ ಹಾಕಬೇಡಿ. ಇನ್ನೊಮ್ಮೆ ಹೇಳುತ್ತೇನೆ, ಹಾಕಬೇಡಿ.

ಕೇಸು ಗೆದ್ದರೆ ಏನು ಸಿಗುತ್ತದೆ? ವಾಪಸ್ ಕೆಲಸ ಮತ್ತು ಹಿಂದಿನ ಸಂಬಳ. ಮಹಾರಾಷ್ಟ್ರದ ಒಬ್ಬ ಶಿಕ್ಷಕಿಯ ಪ್ರಕರಣದಲ್ಲಿ, ದೀಪಾಲಿ ಗುಂಡು ಸುರ್ವಸೆ ಎಂದು ಹುಡುಕಿದರೆ ವಕೀಲರಿಗೆ ಸಿಗುತ್ತದೆ, ಸುಪ್ರೀಂ ಕೋರ್ಟ್ 2013ರಲ್ಲಿ ಇದನ್ನೇ ಸಾಮಾನ್ಯ ನಿಯಮ ಎಂದಿದೆ. ಆದರೆ ಕೆಲಸ ಇಲ್ಲದೆ ಇದ್ದೆ ಎಂದು ನೀವು ಹೇಳಬೇಕು. ಹೊಟ್ಟೆಪಾಡಿಗೆ ಟ್ಯೂಷನ್ ಮಾಡುತ್ತಿದ್ದರೆ, ಬೇರೆ ಕಡೆ ಸೇರಿದ್ದರೆ ಮುಚ್ಚಿಡಬೇಡಿ. ಅದನ್ನು ಕಳೆದು ಉಳಿದದ್ದನ್ನು ಕೊಡುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಇಡೀ ಕೇಸಿನ ಮೇಲಿನ ನಂಬಿಕೆ ಹೋಗುತ್ತದೆ. ಇದೆಲ್ಲ ಆಗಲು ವರ್ಷಗಳು ಬೇಕು. ಮ್ಯಾನೇಜ್‌ಮೆಂಟು ಹೈಕೋರ್ಟಿಗೆ ಹೋದರೆ ಇನ್ನೂ ಜಾಸ್ತಿ.

ಹಾಗಾಗಿ ರಾಜಿ ಮಾತುಕತೆ ಬಂದರೆ ಬೇಡ ಎನ್ನಬೇಡಿ. ಆ ಶಾಲೆಗೆ ವಾಪಸ್ ಹೋಗಿ ಅದೇ ಸ್ಟಾಫ್ ರೂಮಿನಲ್ಲಿ ಕೂರಲು ನಿಮಗೆ ಮನಸ್ಸಿದೆಯಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇಲ್ಲ ಅಂತಾದರೆ, ಕೆಲವು ತಿಂಗಳ ಸಂಬಳ, ಕೊಂಕಿಲ್ಲದ ಅನುಭವ ಪ್ರಮಾಣಪತ್ರ, ಮೂಲ ದಾಖಲೆ, ಫೋಟೊ ಅಳಿಸಿ ಯಾರಿಗೂ ಹೇಳುವುದಿಲ್ಲ ಎಂಬ ಲಿಖಿತ ಒಪ್ಪಂದ ಸಿಕ್ಕರೆ ಅದು ಸೋಲಲ್ಲ. ಆದರೆ ಅಪೀಲು ಹಾಕಿದ ಮೇಲೆ ಮಾತಾಡಿ. ಹಾಕುವ ಮುಂಚೆ "ಮಾತಾಡೋಣ ಬರ್ರಿ" ಎಂದು ದಿನ ದೂಡಿ, 3 ತಿಂಗಳು ದಾಟಿಸುವುದು ಹಳೆಯ ಆಟ.

ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕೋರ್ಟಿನ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ, ಆದಾಯ ಕಡಿಮೆ ಇರುವವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100. ಸಂಬಳ ನಿಂತಿರುವ ನೀವು ವಿಚಾರಿಸಿ ನೋಡಿ. ಇಲ್ಲಿನ ವಕೀಲರ ಹತ್ತಿರ ವಿಷಯ ಬಿಚ್ಚಿ ಹೇಳಲು ಮುಜುಗರ ಅನ್ನಿಸಿದರೆ, ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ ಇಂಥ ವಿಷಯಗಳಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿದೆ. ಮೊದಲು ಅವರ ಸಲಹೆ ಕೇಳಬಹುದು. ವಕೀಲರಿಗೆ ಹೇಳಿದ್ದು ಕಾನೂನಿನ ಪ್ರಕಾರ ಗುಟ್ಟಾಗಿಯೇ ಇರಬೇಕು. ಅವರಿಗೆ ಅರ್ಧ ಹೇಳಿ ಅರ್ಧ ಬಿಡಬೇಡಿ.

ಕೋರ್ಟಿನ ಹೊರಗಿನ ಒಂದು ಮಾತು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಕಲಿಸುತ್ತಿದ್ದ ಪ್ರೊ. ರಾಮಚಂದ್ರ ಸಿರಸ್ ಅವರ ಮನೆಗೆ 2010ರ ಫೆಬ್ರವರಿಯಲ್ಲಿ, ಅವರು ಇನ್ನೊಬ್ಬ ಗಂಡಸಿನ ಜೊತೆ ಇದ್ದಾಗ, ಕೆಲವರು ಕ್ಯಾಮೆರಾ ಹಿಡಿದು ನುಗ್ಗಿದರು. ವಿಶ್ವವಿದ್ಯಾಲಯ ಅವರನ್ನು ಅಮಾನತು ಮಾಡಿತು. ಏಪ್ರಿಲ್ 1ರಂದು ಅಲಹಾಬಾದ್ ಹೈಕೋರ್ಟ್ ಅಮಾನತಿಗೆ ತಡೆ ಕೊಟ್ಟಿತು. 377ನೇ ಕಲಂ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬರಲು ಆಗ ಇನ್ನೂ 8 ವರ್ಷ ಇತ್ತು, ಆದರೂ ಅವರು ಕೋರ್ಟಿನಲ್ಲಿ ಗೆದ್ದರು. ಒಂದು ವಾರದೊಳಗೆ ತಮ್ಮ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದಾಗ ತೀರಿಹೋಗಿದ್ದು ಪತ್ತೆಯಾಯಿತು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಕೇಸು ನಡೆಯುವಷ್ಟು ಕಾಲ ಒಬ್ಬರೇ ಇರಬೇಡಿ. ವಿಷಯ ಗೊತ್ತಿರುವ ಇಬ್ಬರಾದರೂ ದಿನಾ ಮಾತಾಡಲು ಸಿಗಬೇಕು. ರಾತ್ರಿ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮನಸ್ ಸೇವೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಪ್ಪನಿಗೆ ಹೇಳುವುದು ಬಿಡುವುದು ನಿಮ್ಮ ನಿರ್ಧಾರ. ಕನಿಷ್ಠ "ಮ್ಯಾನೇಜ್‌ಮೆಂಟಿನವರು ಸುಳ್ಳು ಹೇಳಿ ನಿಮಗೆ ಫೋನ್ ಮಾಡಬಹುದು, ಅವರ ಮೇಲೆ ಕೇಸು ಹಾಕಿದ್ದೇನೆ" ಎಂದಾದರೂ ಮೊದಲೇ ಹೇಳಿಟ್ಟರೆ ಅವರ ಕೈಯಲ್ಲಿರುವ ದೊಡ್ಡ ಅಸ್ತ್ರ ಮೊಂಡಾಗುತ್ತದೆ.

ಇದನ್ನು ಓದುವ ಟ್ರಾನ್ಸ್‌ಜೆಂಡರ್ ಗೆಳೆಯರಿಗೆ ದಾರಿ ಸ್ವಲ್ಪ ಬೇರೆ. ನಿಮಗೆ 2019ರ ಪ್ರತ್ಯೇಕ ಕಾಯ್ದೆ ಇದೆ, ಅದರ ತಾರತಮ್ಯ ನಿಷೇಧ ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುವಂತೆ ಬಂದದ್ದು. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ 2021ರಿಂದ ಶೇ. 1 ಮೀಸಲಾತಿಯೂ ಇದೆ.

ಕೊನೆಗೆ ನಿಮ್ಮ ಸರ್ಕಾರಿ ನೌಕರಿಯ ಪ್ರಶ್ನೆ. 371ಜೆ ಪ್ರಮಾಣಪತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಆಯ್ಕೆಯಾದ ಮೇಲೆ ನಡೆಯುವ ಪೊಲೀಸ್ ಪರಿಶೀಲನೆಯಲ್ಲಿ ನೋಡುವುದು ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಇದೆಯಾ ಎಂದು. ನೀವು ಹಾಕುವ ಅಪೀಲು ಕ್ರಿಮಿನಲ್ ಕೇಸಲ್ಲ, ಅದರಲ್ಲಿ ನೀವು ಆರೋಪಿಯೂ ಅಲ್ಲ. ಫಾರ್ಮಿನಲ್ಲಿ ಹಿಂದಿನ ಉದ್ಯೋಗದ ಬಗ್ಗೆ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ: ಸೇವೆ ಕೊನೆಯಾದದ್ದನ್ನು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಿದ್ದೇನೆ, ಪ್ರಕರಣ ಸಂಖ್ಯೆ ಇಷ್ಟು. ಒಳಗೆ ಸೇರಿದ ಮೇಲೆ ಯಾರಾದರೂ ಇದೇ ವಿಷಯ ಎತ್ತಿದರೆ, ಆಗ ಬುಲಂದ್‌ಶಹರ್ ತೀರ್ಪು ನೇರವಾಗಿ ಕೆಲಸಕ್ಕೆ ಬರುತ್ತದೆ. ರಾಜ್ಯ ಆಡಳಿತ ನ್ಯಾಯಮಂಡಳಿಯ ಪೀಠವೂ ಕಲಬುರಗಿಯಲ್ಲೇ ಇದೆ. ಸದ್ಯಕ್ಕೆ ನೇಮಕಾತಿ ಆದೇಶ, ರಿಲೀವಿಂಗ್ ಪತ್ರ ಮತ್ತು ರಾಜೀನಾಮೆಯ ಪ್ರತಿ ಹಿಡಿದು ಸೋಮವಾರವೇ ಒಬ್ಬ ವಕೀಲರನ್ನು ಕಾಣಿರಿ. ರಾಜೀನಾಮೆಯ ಪ್ರತಿ ಅವರು ನಿಮಗೆ ಕೊಟ್ಟೇ ಇಲ್ಲದಿದ್ದರೆ, ಅದನ್ನೂ ಮೇಲೆ ಹೇಳಿದ ಪತ್ರದಲ್ಲಿ ಕೇಳಿ.